ನೋವಿನ ನೆಪ

“ಇದನ್ನ ನುಂಗಿದ ಮೇಲೂ ನಾನು ನಾನಾಗೇ ಇರ್ತೀನಾ? ಮೊದಲು ಅದನ್ನ ಹೇಳಿ!”

ಅತ್ತೆಯ ಅಂಗೈಯಲ್ಲಿ ಶರ್ಟಿನ ಗುಂಡಿಗಿಂತಲೂ ಚಿಕ್ಕದಾದ ಒಂದು ಬಿಳಿ ಮಾತ್ರೆ. ಅದನ್ನು ಆಕೆ ಹುಳುವನ್ನು ನೋಡುವಂತೆ ನೋಡುತ್ತಿದ್ದರು. ಊಟದ ಮೇಜಿನ ಪಕ್ಕದಲ್ಲಿ ಮಾವ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಮಗ ಅಡುಗೆಮನೆಯ ಬಾಗಿಲಿಗೆ ಒರಗಿ ಉಗುರು ಕಚ್ಚುತ್ತಿದ್ದ. ಸೊಸೆಯೊಬ್ಬಳು ಮಾತ್ರ ಅತ್ತೆಯ ಎದುರಿಗೇ ಕುಳಿತಿದ್ದಳು, ಕಣ್ಣು ತಪ್ಪಿಸದೆ.

“ನೀವೇ ಇರ್ತೀರಿ ಅತ್ತೆ. ತಲೆನೋವು ಮಾತ್ರ ಕಡಿಮೆ ಆಗುತ್ತೆ.”

“ಕಡಿಮೆ! ಆ ಡಾಕ್ಟರಮ್ಮ ಏನಂದ್ಲು ಕೇಳಿಸ್ಕೊಂಡೆ ತಾನೇ? ಬಾಯಿ ಒಣಗುತ್ತಂತೆ. ಮಂಪರು ಹತ್ತುತ್ತಂತೆ. ಮೊದಮೊದಲು ತಲೆನೋವು ಜಾಸ್ತೀನೂ ಆಗಬಹುದಂತೆ! ನನ್ನ ತಲೆನೋವು ಜಾಸ್ತಿ ಮಾಡೋಕೆ ಮಾತ್ರೆ ಯಾಕೆ ಬೇಕು? ಮನೇಲಿ ನೀನಿದೀಯಲ್ಲ, ಸಾಲದಾ?”

“ಅಮ್ಮಾ...” ಎಂದ ಮಗ.

“ನೀನು ಬಾಯಿ ಮುಚ್ಚು! ಹೆಂಡ್ತಿ ಹೇಳಿದ್ಲು ಅಂತ ಹೆತ್ತವಳನ್ನ ಹುಚ್ಚಿ ಹಾಗೆ ಆಸ್ಪತ್ರೆಗೆ ಎಳ್ಕೊಂಡು ಹೋದವನು ನೀನು!”

ಸೊಸೆಯ ಕಣ್ಣಲ್ಲಿ ನೀರು ತುಂಬಿಕೊಂಡಿತು. ಆದರೂ ಅವಳು ಅಲ್ಲಿಂದ ಏಳಲಿಲ್ಲ. ಎದ್ದುಹೋಗುವ ಕಾಲ ಮುಗಿದಿತ್ತು...

ಆ ಮನೆಯ ಕೆಳಗೆ ಮಾವನ ಕನ್ನಡಕದ ಅಂಗಡಿ. ಗೋಡೆಯ ತುಂಬ ಫ್ರೇಮುಗಳು, ಮೂಲೆಯಲ್ಲಿ ಕಣ್ಣು ಪರೀಕ್ಷಿಸುವ ಕುರ್ಚಿ, ಅದರೆದುರಿಗೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತಾ ಹೋಗುವ ಅಕ್ಷರಗಳ ಫಲಕ. ಹಿಂಬದಿಯ ಪುಟ್ಟ ಕೋಣೆಯಲ್ಲಿ ಮಗ ಗಾಜಿನ ಅಂಚನ್ನು ಯಂತ್ರಕ್ಕೆ ಹಿಡಿದು ಫ್ರೇಮಿನ ಅಳತೆಗೆ ಅರೆಯುತ್ತಿದ್ದ. ಆ ಯಂತ್ರದ ಕೀರಲು ಸದ್ದು ಮೆಟ್ಟಿಲೇರಿ ನೇರವಾಗಿ ಮೇಲಿನ ಮನೆಗೆ ಹೋಗುತ್ತಿತ್ತು. ಅತ್ತೆಗೆ ತಲೆನೋವು ಬಂದ ದಿನ ಮೇಲಿನಿಂದ ನೆಲ ಕುಟ್ಟುವ ಸದ್ದು ಕೇಳಿಸುತ್ತಿತ್ತು. ಕುಟ್ಟಿದ ಕ್ಷಣವೇ ಯಂತ್ರ ಬಂದ್. ಗಿರಾಕಿಗಳೂ ದನಿ ತಗ್ಗಿಸುತ್ತಿದ್ದರು. “ಮೇಲಿನಮ್ಮನಿಗೆ ಇವತ್ತು ತಲೆನೋವು ಅಂತ ಕಾಣುತ್ತೆ” ಎಂದು ಒಬ್ಬರಿಗೊಬ್ಬರು ಪಿಸುಗುಟ್ಟುತ್ತಿದ್ದರು. ಹಾಗಾಗಿ ಬೀದಿಗೆಲ್ಲ ಆಕೆಯ ಹೆಸರೇ ಮೇಲಿನಮ್ಮ ಎಂದಾಗಿತ್ತು.

ಆ ನೋವು ಸುಳ್ಳಲ್ಲ. ಯಾರೂ ಹಾಗೆ ಅಂದುಕೊಳ್ಳಬಾರದು. ಬಂತೆಂದರೆ ಮೇಲಿನಮ್ಮ ಹಗಲು ಹೊತ್ತಿನಲ್ಲೇ ಪರದೆ ಎಳೆದು, ಹಣೆಗೆ ಒದ್ದೆ ಬಟ್ಟೆ ಬಿಗಿದು, ಬಕೆಟ್ ಪಕ್ಕದಲ್ಲಿಟ್ಟುಕೊಂಡು ಬಿದ್ದಿರುತ್ತಿದ್ದರು. ವಾಂತಿಯಾಗಿ ಆಗಿ ಕರುಳೇ ಕಿತ್ತು ಬರುವಂತಾಗುತ್ತಿತ್ತು. ಪಾಪ, ಮಾವನಾದರೂ ಏನು ಮಾಡಿಯಾರು? ಅವರಿಗೆ ಗೊತ್ತಿದ್ದದ್ದು ಕಣ್ಣು, ಕನ್ನಡಕ. ಹೆಂಡತಿಯ ನೋವಿಗೆ ಕಣ್ಣೇ ಕಾರಣವೆಂದು ನಂಬಿ ಮೇಲಿಂದ ಮೇಲೆ ಹೊಸ ಗಾಜು ಅರೆದು ಅರೆದು ತಂದುಕೊಟ್ಟರು. ಒಂದೂ ಉಪಯೋಗಕ್ಕೆ ಬರಲಿಲ್ಲ. ಮಗನಂತೂ ನಡೆಯುವುದನ್ನು ಕಲಿತದ್ದೇ ತುದಿಗಾಲಿನಲ್ಲಿ. ನೋವಿನ ಜೊತೆಗೇ ಬರುತ್ತಿತ್ತು ಆ ನಾಲಿಗೆ. ಒಂದೊಂದು ಮಾತೂ ಗಾಜಿನ ಚೂರು. ನೋವು ಇಳಿದ ಮೇಲೆ ಆ ಮಾತುಗಳ ಬಗ್ಗೆ ಯಾರೂ ತುಟಿಪಿಟಕ್ಕೆನ್ನುವಂತಿಲ್ಲ. “ಅವಳಲ್ಲ ಕಣಮ್ಮಾ ಆಡಿದ್ದು, ತಲೆನೋವು ಆಡಿಸಿದ್ದು” ಎಂದು ಮಾವ ಸೊಸೆಯನ್ನು ಸಮಾಧಾನ ಮಾಡುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಅವಳೂ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದಳು. ಅವಳ ಅಪ್ಪ ಆ ಮೆಟ್ಟಿಲು ಹತ್ತಿದ ದಿನದವರೆಗೆ!

ಸೊಸೆಯ ಅಪ್ಪ ಬಸ್ ಕಂಡಕ್ಟರ್. ಹೆಂಡತಿಯನ್ನು ಬೇಗನೆ ಕಳೆದುಕೊಂಡು ಒಬ್ಬಳೇ ಮಗಳನ್ನು ಸಾಕಿದ ಮನುಷ್ಯ. ತುಂಬಿದ ಬಸ್ಸಿನಲ್ಲಿ ಕೂಗಿ ಕೂಗಿ ಆತನ ಗಂಟಲು ಎಂಥದಾಗಿತ್ತೆಂದರೆ, ಗುಟ್ಟು ಹೇಳಿದರೂ ಪಕ್ಕದ ಮನೆಯವರು ತಿರುಗಿ ನೋಡಬೇಕು. ಅಂದು ಮಗಳನ್ನು ನೋಡಲು ಒಂದು ಚೀಲ ಕಿತ್ತಳೆ ಹಿಡಿದು ಬಂದವನು ಮೆಟ್ಟಿಲಿನಲ್ಲೇ ಏನೋ ತಮಾಷೆ ಮಾಡಿ ಗಹಗಹಿಸಿ ನಕ್ಕ. ಒಳಕೋಣೆಯ ಬಾಗಿಲು ಧಡಾರನೆ ತೆರೆಯಿತು. ಹಣೆಗೆ ಬಟ್ಟೆ ಬಿಗಿದ ಮೇಲಿನಮ್ಮ ಗೋಡೆ ಹಿಡಿದು ನಿಂತಿದ್ದರು.

“ಇದೇನು ಮನೇನಾ ಬಸ್ ಸ್ಟ್ಯಾಂಡಾ? ಮಾತಾಡೋ ರೀತಿ ಗೊತ್ತಿಲ್ಲದವರೆಲ್ಲ ಯಾಕೆ ಮನೆ ಒಳಗೆ ಬರ್ತಾರೆ? ಹೊರಗೆ ಕಳಿಸಿ ಆ ಮನುಷ್ಯನ್ನ!”

ಆ ಹಿರಿಯ ಜೀವ ಬೆಪ್ಪಾಗಿ ನಿಂತಿತು. ಆಮೇಲೆ, ಅಯ್ಯೋ, ಅದನ್ನು ಹೇಗೆ ಹೇಳುವುದು! “ತಪ್ಪಾಯ್ತಮ್ಮಾ... ತಪ್ಪಾಯ್ತು...” ಎಂದು ಪಿಸುಗುಟ್ಟುತ್ತಾ, ಬಿಟ್ಟಿದ್ದ ಶೂಗಳನ್ನು ಕೈಯಲ್ಲಿ ಹಿಡಿದುಕೊಂಡು, ಸದ್ದಾಗದ ಹಾಗೆ ತುದಿಗಾಲಿನಲ್ಲಿ ಒಂದೊಂದೇ ಮೆಟ್ಟಿಲು ಇಳಿದು ಹೋದ. ಮಗಳು ಕಿಟಕಿಯಿಂದ ನೋಡಿದಳು. ಅಪ್ಪ ಬೀದಿಬದಿಯ ಕಟ್ಟೆಯ ಮೇಲೆ ಕುಳಿತು ಶೂ ಹಾಕಿಕೊಳ್ಳುತ್ತಿದ್ದ. 

ಅಂದೇ ಅವಳು ಗಂಡನಿಗೆ ಹೇಳಿದಳು: “ಅತ್ತೇನ ದೊಡ್ಡ ಡಾಕ್ಟರ ಹತ್ರ ಕರ್ಕೊಂಡು ಹೋಗು. ಇಲ್ಲಾಂದ್ರೆ ನಾನು ಅಪ್ಪನ ಮನೆಗೆ ಹೋಗ್ತೀನಿ. ಬೆದರಿಕೆ ಹಾಕ್ತಿಲ್ಲ. ನನ್ನ ಕೈಲಿ ಆಗ್ತಿಲ್ಲ, ಅಷ್ಟೆ.”

ಹುಟ್ಟಿದಾಗಿನಿಂದ ಅಮ್ಮನೆದುರು ದನಿ ಎತ್ತದ ಮಗ ಅಂದು ಹೇಗೆ ಧೈರ್ಯ ಮಾಡಿದನೋ! ಅಮ್ಮನನ್ನು ಕರೆದುಕೊಂಡೇ ಹೋದ. ಸೊಸೆಯೂ ಜೊತೆಗೆ ಹೊರಟಳು. ಆದರೆ ಡಾಕ್ಟರ ಬಾಗಿಲಲ್ಲಿ ಮೇಲಿನಮ್ಮ “ನೀನು ಹೊರಗೇ ಕೂತ್ಕೋ” ಎಂದುಬಿಟ್ಟರು. ಮುಚ್ಚಿದ ಬಾಗಿಲು ಬಹಳ ಹೊತ್ತು ತೆರೆಯಲಿಲ್ಲ. ಕೊನೆಗೆ ಡಾಕ್ಟರಮ್ಮನೇ ಸೊಸೆಯನ್ನೂ ಒಳಗೆ ಕರೆದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

“ಇದು ಮೈಗ್ರೇನು. ಕಣ್ಣಿನ ದೋಷ ಅಲ್ಲ. ಇವರ ಸ್ವಭಾವದ ದೋಷಾನೂ ಅಲ್ಲ. ಇದೊಂದು ಕಾಯಿಲೆ, ಇದಕ್ಕೆ ಔಷಧಿ ಇದೆ” ಎಂದರು ಡಾಕ್ಟರಮ್ಮ. “ಆದ್ರೆ ಇವರು ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ಹೆಚ್ಚುಕಡಿಮೆ ದಿನಾ ನುಂಗ್ತಿದಾರೆ. ಈಗ ಆ ಮಾತ್ರೆಗಳೇ ನೋವನ್ನ ಕರೀತಿವೆ. ಅದನ್ನ ಪೂರ್ತಿ ನಿಲ್ಲಿಸಬೇಕು. ನಾನು ಬರೆದಿರೋದನ್ನ ದಿನಾ ರಾತ್ರಿ ಊಟ ಆದ್ಮೇಲೆ ತಗೊಳ್ಳಲಿ. ಇದು ನೋವು ಬಂದ್ಮೇಲೆ ಓಡಿಸೋ ಮಾತ್ರೆ ಅಲ್ಲ, ಬರೋದನ್ನೇ ತಡೆಯೋದು. ಗುಣ ಕಾಣೋಕೆ ವಾರಗಟ್ಟಲೆ ಬೇಕು. ಅಲ್ಲೀವರೆಗೆ ಕಷ್ಟ ಇರುತ್ತೆ. ನೋವು ಬಂದಾಗ ಬೇರೆ ಒಂದು ಕೊಟ್ಟಿದೀನಿ, ಅದನ್ನ ಹೇಳಿದಷ್ಟೇ ತಗೋಬೇಕು. ಏನೇ ಆದ್ರೂ ನೀವಾಗಿ ನೀವೇ ನಿಲ್ಲಿಸಬೇಡಿ, ನನಗೆ ಫೋನ್ ಮಾಡಿ.”

ಹೀಗೆ ಆ ಬಿಳಿ ಮಾತ್ರೆ ಊಟದ ಮೇಜಿಗೆ ಬಂದಿತ್ತು.

“ಕೊಡಿ ನೀರು!” ಮೇಲಿನಮ್ಮ ಗಂಡನ ಕೈಯಿಂದ ಲೋಟ ಕಿತ್ತುಕೊಂಡರು. “ನುಂಗಿ ಸಾಯ್ತೀನಿ. ನಿಮಗೆಲ್ಲ ನೆಮ್ಮದಿ ಆಗ್ಲಿ!” ಮಾತ್ರೆ ಗಂಟಲಿಗಿಳಿಯಿತು. ಮೂವರೂ ಒಟ್ಟಿಗೆ ಉಸಿರುಬಿಟ್ಟರು.

ಮರುದಿನ ಬೆಳಗ್ಗೆ ಬಿಸಿಲು ಏರಿದರೂ ಮೇಲಿನಮ್ಮ ಏಳಲಿಲ್ಲ. ಮಾವನಿಗೆ ಕೂಗಿ ಎಬ್ಬಿಸಲು ಭಯ, ಸುಮ್ಮನಿರಲೂ ಭಯ. ಕೊನೆಗೆ ಆ ಮನುಷ್ಯ ಅಂಗಡಿಯಿಂದ ಒಂದು ಕನ್ನಡಕದ ಗಾಜು ತಂದು ಹೆಂಡತಿಯ ಮೂಗಿನ ಹತ್ತಿರ ಹಿಡಿದು, ಉಸಿರಿನ ಮಂಜು ಕಟ್ಟುತ್ತದೆಯೋ ಎಂದು ಬಗ್ಗಿ ನೋಡಿದರು. ಮೇಲಿನಮ್ಮ ಒಂದು ಕಣ್ಣು ತೆರೆದು, “ಏನು, ಇನ್ನೊಂದು ಕನ್ನಡಕ ಮಾಡ್ತೀರಾ?” ಎಂದು ಮಗ್ಗಲು ಬದಲಿಸಿದರು. ಬಾಗಿಲಲ್ಲಿ ನಿಂತಿದ್ದ ಸೊಸೆಗೆ ಎಷ್ಟು ತಡೆದರೂ ನಗು ತಡೆಯಲಾಗಲಿಲ್ಲ.

ಆದರೆ ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಹಳೆಯ ಮಾತ್ರೆ ನಿಂತದ್ದಕ್ಕೆ ದೇಹ ಸೇಡು ತೀರಿಸಿಕೊಂಡಿತು. ಡಾಕ್ಟರಮ್ಮ ಹೇಳಿದ್ದ ಕಷ್ಟದ ದಿನಗಳು ಬಂದೇಬಿಟ್ಟವು. ಒಂದು ಮಧ್ಯಾಹ್ನ ನೋವು ಎಂದೂ ಬಾರದ ಹಾಗೆ ಬಂತು. ಯಂತ್ರ ನಿಂತಿತು, ಅಂಗಡಿಯ ಬಾಗಿಲೂ ಮುಚ್ಚಿತು. ಆದರೂ ಮುಚ್ಚಿದ ಕೋಣೆಯೊಳಗಿಂದ ಬರುತ್ತಿದ್ದ ನರಳಾಟ ನಿಲ್ಲಲಿಲ್ಲ. “ಹಳೇ ಮಾತ್ರೆ ಕೊಡಿ... ಯಾರಾದ್ರೂ ಕೊಡಿ... ನಿಮ್ಮ ಕಾಲಿಗೆ ಬೀಳ್ತೀನಿ...” ಹೆದರಿಸುತ್ತಿದ್ದ ಆ ದನಿ ಬೇಡುವುದನ್ನು ಆ ಮನೆ ಎಂದೂ ಕೇಳಿರಲಿಲ್ಲ.

ಸೊಸೆ ಒದ್ದೆ ಬಟ್ಟೆ ತರಲು ಹೊರಬಂದಳು. ಮೆಟ್ಟಿಲಿನಲ್ಲಿ ಮಾವ ಏದುಸಿರು ಬಿಡುತ್ತಾ ಮೇಲೇರುತ್ತಿದ್ದರು. ಬಲಗೈ ಮುಷ್ಟಿ ಕಟ್ಟಿತ್ತು.

“ಮಾವಾ, ಕೈಯಲ್ಲೇನು?”

“ಏನಿಲ್ಲಮ್ಮ. ದಾರಿ ಬಿಡು.”

“ತೋರಿಸಿ ಮಾವಾ.”

ಮುಷ್ಟಿ ಬಿಚ್ಚಿತು. ಔಷಧಿ ಅಂಗಡಿಯಿಂದ ಆಗಷ್ಟೇ ತಂದ ಹಳೆಯ ನೋವಿನ ಮಾತ್ರೆಗಳು!

“ಒಂದೇ ಒಂದು ಕೊಡ್ತೀನಮ್ಮ. ಇವತ್ತೊಂದು ದಿನ. ನನ್ನ ಕೈಲಿ ನೋಡೋಕಾಗ್ತಿಲ್ಲ...”

“ಇವತ್ತು ಕೊಟ್ರೆ ಸಂಜೆಗೆ ಸುಮ್ಮನಾಗ್ತಾರೆ. ನಾಡಿದ್ದು ಮತ್ತೆ ಇದೇ ಬೇಕಾಗುತ್ತೆ. ಇಷ್ಟು ದಿನ ಪಟ್ಟ ಪಾಡೆಲ್ಲ ನೀರುಪಾಲು ಮಾವಾ!”

“ನಾಡಿದ್ದಿನ ಮಾತು ನಾಡಿದ್ದಿಗಿರ್ಲಿ! ನಿನಗೇನು ಗೊತ್ತು?” ಎಂದೂ ಗದರದ ಮಾವ ಗದರಿದರು. ಮರುಕ್ಷಣವೇ ಆ ದನಿ ಒಡೆಯಿತು. “ಊರಿನವರಿಗೆಲ್ಲ ಕಣ್ಣು ಕಾಣೋ ಹಾಗೆ ಮಾಡಿದೆ ನಾನು. ನನ್ನ ಹೆಂಡ್ತಿಗೆ ನೋವು ಎಲ್ಲಿಂದ ಬರುತ್ತೆ ಅಂತ ನನಗೇ ಕಾಣಲಿಲ್ಲ. ನನಗೆ ಮಾಡೋಕೆ ಗೊತ್ತಿದ್ದದ್ದು ಇದೊಂದೇ... ಕೇಳಿದಾಗ ತಂದುಕೊಡೋದು. ಅದನ್ನೂ ಬಿಡು ಅಂತೀಯಲ್ಲಮ್ಮ!” ಎಂದು ಮೆಟ್ಟಿಲ ಮೇಲೆಯೇ ಕುಸಿದು ಕುಳಿತು ಬಿಕ್ಕಿಬಿಕ್ಕಿ ಅತ್ತರು.

ಸೊಸೆಯೂ ಅವರ ಪಕ್ಕದಲ್ಲಿ ಕುಳಿತಳು. ಅವರ ಕೈಯಿಂದ ಮಾತ್ರೆಗಳನ್ನು ಕಿತ್ತುಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಾವ ತಾವಾಗಿಯೇ ಎದ್ದು, ಒಂದೊಂದೇ ಗುಳಿಗೆಯನ್ನು ಒತ್ತಿ ತೆಗೆದು ಅಂಗಡಿಯ ಕಸದ ಡಬ್ಬಕ್ಕೆ ಹಾಕಿದರು. ಅಷ್ಟರಲ್ಲಿ ಮಗ ಡಾಕ್ಟರಮ್ಮನಿಗೆ ಫೋನ್ ಮಾಡಿದ್ದ. ನೋವಿಗೆಂದು ಬರೆದಿದ್ದ ಬೇರೆ ಮಾತ್ರೆ ಕೊಡಿ, ಕತ್ತಲು ಮಾಡಿ ಮಲಗಿಸಿ, ಸ್ವಲ್ಪ ಸ್ವಲ್ಪ ನೀರು ಕುಡಿಸಿ, ಇದೇ ಎಲ್ಲಕ್ಕಿಂತ ಕಠಿಣವಾದ ಹೊತ್ತು ಎಂದರಂತೆ.

ಸೊಸೆ ಆ ಮಾತ್ರೆ ಹಿಡಿದು ಕತ್ತಲ ಕೋಣೆಗೆ ಹೋದಳು. ಮೇಲಿನಮ್ಮ ಅವಳ ರಟ್ಟೆ ಹಿಡಿದರು. ಆ ಸ್ಥಿತಿಯಲ್ಲೂ ಎಂಥ ಹಿಡಿತ!

“ನನಗೆ ಗೊತ್ತು... ನೀನು ಸೇಡು ತೀರಿಸ್ಕೋತಿದೀಯ. ನಿಮ್ಮಪ್ಪನಿಗೆ ಅಂದಿದ್ದಕ್ಕೆ.”

ಆ ಮಾತು ಅವಳ ಎದೆಗೆ ನಾಟಿತು. ಏಕೆಂದರೆ ಅದು ಪೂರ್ತಿ ಸುಳ್ಳೆಂದು ಹೇಳಲು ಅವಳಿಗೆ ಆಗಲಿಲ್ಲ. “ಇರಬಹುದು ಅತ್ತೆ” ಎಂದಳು ಮೆಲ್ಲಗೆ. “ಆದ್ರೂ ನೀವು ಗುಣ ಆಗಬೇಕು ಅನ್ನೋದೂ ನಿಜ. ತಗೊಳ್ಳಿ.”

ಮೇಲಿನಮ್ಮ ಕತ್ತಲಲ್ಲೇ ಅವಳನ್ನು ದಿಟ್ಟಿಸಿದರು. ಮಾತ್ರೆ ನುಂಗಿದರು. ಗೋಡೆಯ ಕಡೆ ತಿರುಗಿ, “ಹೊರಗೆ ಹೋಗು” ಎಂದರು.

ದಿನಗಳು ಉರುಳಿದವು. ಡಾಕ್ಟರಮ್ಮ ಒಮ್ಮೆ ಕರೆಸಿ ಮಾತ್ರೆಯ ಪ್ರಮಾಣವನ್ನು ಸ್ವಲ್ಪ ಹೆಚ್ಚಿಸಿದರು. ಬಾಯಿ ಒಣಗುತ್ತದೆಂದು ಮೇಲಿನಮ್ಮ ಹೋದಲ್ಲೆಲ್ಲ ನೀರಿನ ಬಾಟಲಿ ಹಿಡಿದು ತಿರುಗಿದರು, ತಿರುಗಿದಷ್ಟೂ ಬೈದರು. ನೋವು ಬರುತ್ತಲೇ ಇತ್ತು, ಹೌದು. ಆದರೆ ಬಂದು ಹೋಗುವ ನಡುವೆ ಒಂದಷ್ಟು ಬಿಡುವು ಕಾಣಿಸತೊಡಗಿತು. ಆ ಬಿಡುವು ಮೆಲ್ಲಮೆಲ್ಲನೆ ಅಗಲವಾಯಿತು. ಒಂದು ಬೆಳಗ್ಗೆ ಯಂತ್ರ ಕಿರುಗುಟ್ಟುತ್ತಿದ್ದಾಗ ಮೆಟ್ಟಿಲಲ್ಲಿ ಹೆಜ್ಜೆಯ ಸದ್ದಾಯಿತು. ಮಗ ಗಾಬರಿಯಿಂದ ಸ್ವಿಚ್ಚಿಗೆ ಕೈ ಹಾಕಿದ.

“ನಿಲ್ಲಿಸ್ಬೇಡ, ಕೆಲಸ ಮಾಡು” ಎನ್ನುತ್ತಾ ಮೇಲಿನಮ್ಮ ಅಂಗಡಿಯೊಳಗೆ ಬಂದು ನಿಂತರು! ದೀಪಗಳ ಬೆಳಕಿಗೆ ಕಣ್ಣು ಕಿರಿದು ಮಾಡಿ ಸುತ್ತ ನೋಡಿದರು. “ಗೋಡೆಗೆ ಹಸಿರು ಬಣ್ಣ ಯಾವಾಗ ಹೊಡೆಸಿದ್ರಿ?” ಎಂದು ಗಂಡನನ್ನು ಕೇಳಿದರು.

“ಇವನ ಮದುವೆಗೂ ಮುಂಚೆ” ಎಂದರು ಮಾವ.

ಮೇಲಿನಮ್ಮ ಹಸಿರು ಗೋಡೆಯ ಮೇಲೆ ಒಮ್ಮೆ ಕೈಯಾಡಿಸಿದರು. ತಮ್ಮ ಬದುಕಿನ ಎಷ್ಟು ಭಾಗ ಆ ಪರದೆಯ ಹಿಂದೆ ಕಳೆದುಹೋಯಿತೆಂದು ಆಕೆಗೆ ಆಗ ಅನ್ನಿಸಿರಬೇಕು...

ಅಂದಿನಿಂದ ಆಕೆ ದಿನವೂ ಸ್ವಲ್ಪ ಹೊತ್ತು ಅಂಗಡಿಯಲ್ಲಿ ಕೂರತೊಡಗಿದರು. ಯಾವ ಮುಖಕ್ಕೆ ಯಾವ ಫ್ರೇಮು ಒಪ್ಪುತ್ತದೆಂದು ಹೇಳುವುದರಲ್ಲಿ ಎತ್ತಿದ ಕೈ. “ಇದನ್ನ ಹಾಕ್ಕೊಂಡ್ರೆ ಗೂಬೆ ಹಾಗೆ ಕಾಣ್ತೀರಿ, ಅದನ್ನ ತಗೊಳ್ಳಿ” ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದರೂ ಗಿರಾಕಿಗಳು ನಕ್ಕು ಒಪ್ಪುತ್ತಿದ್ದರು. ಮಾವನಂತೂ ಹೊಸ ಮದುಮಗನ ಹಾಗೆ ಗಳಿಗೆಗೊಮ್ಮೆ ತಲೆ ಬಾಚಿಕೊಳ್ಳುತ್ತಿದ್ದರು! ಇನ್ನು ಎಲ್ಲ ಸರಿಹೋಯಿತೆಂದೇ ಮನೆಯವರು ಅಂದುಕೊಂಡರು.

ಆದರೆ ಎಲ್ಲ ಸರಿಹೋಗಿರಲಿಲ್ಲ. ಒಂದು ಸಂಜೆ ಅಂಗಡಿಯಲ್ಲಿ ಸೊಸೆ ಅಪ್ಪನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. “ಭಾನುವಾರ ಬಾಪ್ಪಾ. ಈಗ ಅತ್ತೆ ಆರಾಮಾಗಿದಾರೆ” ಎಂದು ಫೋನಿಟ್ಟಳು. ಅವಳ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಒಂದು ಗೆಲುವಿತ್ತು. ಫ್ರೇಮುಗಳನ್ನು ಒರೆಸಿಡುತ್ತಿದ್ದ ಮೇಲಿನಮ್ಮ ತಲೆ ಎತ್ತದೆ ಅಂದರು:

“ಆ ಮನುಷ್ಯ ಮತ್ತೆ ಇಲ್ಲಿಗಾ? ಬಸ್ಸಲ್ಲಿ ಕೂಗಿ ಕೂಗಿ ಮರ್ಯಾದಸ್ಥರ ಹಾಗೆ ಮಾತಾಡೋದೇ ಮರ್ತುಹೋಗಿದೆ ಅವರಿಗೆ. ಅಂಥ ಕಡೆಯಿಂದ ಹೆಣ್ಣು ತಂದಿದ್ದೇ ನಮ್ಮ ತಪ್ಪು.”

ಎದುರಿಗೆ ಗಿರಾಕಿಗಳಿದ್ದರು. ಒಬ್ಬಾಕೆ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಸೊಸೆ ಕೈಯಲ್ಲಿದ್ದ ಫ್ರೇಮನ್ನು ಮೇಜಿನ ಮೇಲಿಟ್ಟಳು. 

“ಅತ್ತೆ, ಇವತ್ತು ತಲೆನೋವಿದೆಯಾ?”

“ಇಲ್ಲ. ಯಾಕೆ?”

“ಇಷ್ಟು ದಿನ ನೀವು ಏನಂದ್ರೂ, ಆಡಿದ್ದು ನೋವು ಅಂದ್ಕೊಂಡು ಸಹಿಸ್ಕೊಂಡೆ. ಮಾವಾನೂ ಹಾಗೇ ಹೇಳ್ಕೊಂಡು ಬಂದ್ರು. ಇವತ್ತು ನೋವಿಲ್ಲವಲ್ಲ ಅತ್ತೆ... ಇವತ್ತು ಮಾತಾಡಿದ್ದು ಯಾರು?”

 ಮೇಲಿನಮ್ಮ ಒರೆಸುತ್ತಿದ್ದ ಬಟ್ಟೆಯನ್ನು ಮಡಚಿಟ್ಟು, ಮೆಟ್ಟಿಲೇರಿ ಹೋದರು.

ಅಂದು ಊಟವಾದ ಮೇಲೆ ಮಾವ ಸೊಸೆಯ ಕೋಣೆಯ ಬಾಗಿಲಲ್ಲಿ ಬಂದು ನಿಂತರು. “ಅವಳು ಮಾತ್ರೆ ಬೇಡ ಅಂತಿದಾಳಮ್ಮ. ಇನ್ಮೇಲೆ ತಗೊಳ್ಳೋದೇ ಇಲ್ವಂತೆ. ನನ್ನ ಮಾತು ಕೇಳ್ತಿಲ್ಲ. ನಿನಗೆ ನೋವಾಗಿದೆ, ಗೊತ್ತು... ಆದ್ರೂ ಒಂದ್ಸಲ ಬರ್ತೀಯಾ?”

ಸೊಸೆ ಹೋದಳು. ಹೋಗಬಾರದೆಂದು ಅಂದುಕೊಳ್ಳುತ್ತಲೇ ಹೋದಳು. ಮೇಲಿನಮ್ಮ ಮಂಚದ ಅಂಚಿನಲ್ಲಿ ಕುಳಿತಿದ್ದರು. ಮುಖ ಒಂದೇ ಸಂಜೆಯಲ್ಲಿ ಸೊರಗಿತ್ತು.

“ನೀನು ಕೇಳಿದ್ಯಲ್ಲ, ಮಾತಾಡಿದ್ದು ಯಾರು ಅಂತ. ಆಗಿಂದ ಅದೇ ಯೋಚನೆ ನನಗೆ” ಎಂದರು. “ನೋವಿದ್ದಾಗ ಯಾರಿಗೆ ಏನಂದ್ರೂ ಆಮೇಲೆ ನನಗೆ ನಾನೇ ಹೇಳ್ಕೋತಿದ್ದೆ, ಅದು ನಾನಲ್ಲ, ನೋವು ಅಂತ. ಡಾಕ್ಟರಮ್ಮ ಕೂಡ ನಿಮ್ಮ ಸ್ವಭಾವದ ದೋಷ ಅಲ್ಲ ಅಂದಾಗ ಎಷ್ಟು ಹಗುರ ಆಯ್ತು ಗೊತ್ತಾ? ಮಗು ಹಾಗೆ ಅತ್ತುಬಿಟ್ಟೆ ಅಲ್ಲಿ. ಇವತ್ತು ನನ್ನ ತಲೆ ತಿಳಿನೀರಿನ ಹಾಗಿತ್ತು. ಒಂದು ಚೂರೂ ನೋವಿರಲಿಲ್ಲ. ಆದ್ರೂ ಆ ಮಾತು ಬಂತು! ಹಾಗಾದ್ರೆ ನೋವು ಹೋದ್ಮೇಲೆ ಉಳಿಯೋದು ಇಂಥ ಹೆಂಗಸಾ? ಬೇಡ ನನಗೆ. ನೋವೇ ಇರ್ಲಿ. ನೆಪಕ್ಕಾದ್ರೂ ಅದಿರುತ್ತೆ...”

ಹೇಳುತ್ತಾ ಹೇಳುತ್ತಾ ಆ ಗಟ್ಟಿ ಹೆಂಗಸು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಸೊಸೆಯ ಕೋಪ ಆ ಕ್ಷಣ ಎಲ್ಲಿ ಹೋಯಿತೋ! ಆದರೂ ಅವಳು ಸಿಹಿಮಾತು ಆಡಲಿಲ್ಲ.

“ಅತ್ತೆ, ಅಷ್ಟು ವರ್ಷ ನೋವು ತಿಂದ ನಾಲಿಗೆಗೆ ಕಹಿ ಅಭ್ಯಾಸ ಆಗಿದೆ. ತಲೆಗೆ ಔಷಧಿ ಸಿಕ್ತು. ನಾಲಿಗೆಗೆ ಡಾಕ್ಟರಮ್ಮ ಏನೂ ಬರ್ಕೊಡಲ್ಲ. ಅದನ್ನ ನೀವೇ ನೋಡ್ಕೋಬೇಕು. ಆದ್ರೆ ನೋವಿದ್ರೆ ಅದನ್ನ ನೋಡ್ಕೊಳ್ಳೋಕೆ ನಿಮಗೆ ತ್ರಾಣ ಎಲ್ಲಿರುತ್ತೆ? ಅದಕ್ಕಾದ್ರೂ ಮಾತ್ರೆ ತಗೊಳ್ಳಿ.”

“ನೀನು ನನ್ನನ್ನ ಕ್ಷಮಿಸ್ತೀಯಾ?”

“ಗೊತ್ತಿಲ್ಲ ಅತ್ತೆ” ಎಂದಳು ಸೊಸೆ. “ಆದ್ರೆ ಕೇಳಬೇಕಾಗಿರೋದು ನನ್ನನ್ನಲ್ಲ.”

ಮೇಲಿನಮ್ಮ ಕೈ ಚಾಚಿದರು. ಸೊಸೆ ಮಾತ್ರೆಯನ್ನು ಆ ಅಂಗೈಯಲ್ಲಿಟ್ಟಳು.

ಎರಡು ದಿನ ಕಳೆದು ಮೇಲಿನಮ್ಮ “ಇಲ್ಲೇ ಹೋಗಿಬರ್ತೀನಿ” ಎಂದು ಒಬ್ಬರೇ ಹೊರಟರು. ಎಲ್ಲಿಗೆ ಎಂದು ಯಾರಿಗೂ ಹೇಳಲಿಲ್ಲ. ಬಸ್ ನಿಲ್ದಾಣದ ಬಿಸಿಲಿನಲ್ಲಿ ನಿಂತು, ಬಂದ ಬಸ್ಸುಗಳನ್ನೆಲ್ಲ ಕಂಡಕ್ಟರುಗಳ ಮುಖ ನೋಡಿ ನೋಡಿ ಬಿಟ್ಟುಬಿಟ್ಟರು. ಹೊಗೆ, ಹಾರ್ನು, ತಳ್ಳಾಟ... ಇವೆಲ್ಲಕ್ಕೆ ಹೆದರಿ ಆಕೆ ಬಸ್ ಹತ್ತುವುದನ್ನು ಬಿಟ್ಟು ಯಾವ ಕಾಲವಾಗಿತ್ತೋ! ಕೊನೆಗೆ ಬೇಕಾದ ಬಸ್ಸು ಬಂತು. ಬಾಗಿಲಲ್ಲಿ ಜೋತಾಡುತ್ತಾ, “ಒಳಗೆ ನಡೀರಿ, ಒಳಗೆ ಖಾಲಿ ಇದೆ” ಎಂದು ಬೀದಿ ಗುಡುಗುವ ಹಾಗೆ ಕೂಗುತ್ತಿದ್ದ ಬೀಗರು ಆಕೆಯನ್ನು ಕಂಡರು. ದನಿ ಅಲ್ಲೇ ಸತ್ತುಹೋಯಿತು.

ಆಮೇಲೆ ಆ ಬಸ್ಸಿನಲ್ಲಿ ವಿಚಿತ್ರ ನಡೆಯಿತು. ಕಂಡಕ್ಟರು ಪ್ರತಿಯೊಬ್ಬರ ಕಿವಿಯ ಹತ್ತಿರ ಬಗ್ಗಿ, “ಟಿಕೆಟ್... ಟಿಕೆಟ್...” ಎಂದು ಪಿಸುಗುಟ್ಟತೊಡಗಿದರು. “ಏನ್ರೀ, ಗಂಟಲು ಕಟ್ಟಿದೆಯಾ?” ಎಂದು ಜನ ನಕ್ಕರು. ಮುಂದಿನ ನಿಲ್ದಾಣ ಯಾವುದೆಂದು ಕೇಳಿಸದೆ ಒಬ್ಬ ಇಳಿಯುವುದನ್ನೇ ಮರೆತು ಜಗಳ ತೆಗೆದ. ಅವರು ಮೇಲಿನಮ್ಮನ ಬಳಿಗೂ ಬಂದರು.

“ಎಲ್ಲಿಗಮ್ಮಾ?” ದನಿ ಹೊರಟಿತೋ ಇಲ್ಲವೋ.

“ನಿಮ್ಮ ಬಸ್ಸು ಎಲ್ಲೀವರೆಗೆ ಹೋಗುತ್ತೋ ಅಲ್ಲೀವರೆಗೆ.”

ಕೊನೆಯ ನಿಲ್ದಾಣದಲ್ಲಿ ಜನವೆಲ್ಲ ಇಳಿದರು. ಡ್ರೈವರ್ ಚಹಾಕ್ಕೆಂದು ಹೋದ. ಖಾಲಿ ಬಸ್ಸಿನಲ್ಲಿ ಬೀಗರು ಕಂಬಿ ಹಿಡಿದು, ಶಿಕ್ಷೆಗೆ ನಿಂತವರ ಹಾಗೆ ನಿಂತಿದ್ದರು.

“ಕೂತ್ಕೊಳ್ಳಿ ಬೀಗರೇ” ಎಂದರು ಮೇಲಿನಮ್ಮ. “ಅವತ್ತು ನಿಮ್ಮನ್ನ ಕಳ್ಳನ ಹಾಗೆ ಮೆಟ್ಟಿಲು ಇಳಿಸಿದೆ. ತಲೆನೋವಿತ್ತು ಅಂತ ಹೇಳಬಹುದು. ಇತ್ತು, ನಿಜ. ಆದ್ರೆ ಆ ಮಾತು ನೋವಿಂದಷ್ಟೇ ಬಂದಿದ್ದಲ್ಲ. ನಿಮ್ಮ ಕೆಲಸ, ನಿಮ್ಮ ದನಿ ನೋಡಿ ನಾನು ನಿಮ್ಮನ್ನ ಕೀಳಾಗಿ ಕಂಡಿದ್ದೆ. ಮೊನ್ನೆಯೂ ನಿಮ್ಮ ಮಗಳೆದುರು ಹಾಗೇ ಅಂದೆ. ಮೊನ್ನೆ ನೋವಿರಲಿಲ್ಲ. ತಪ್ಪು ನನ್ನದು. ಅದನ್ನ ಹೇಳೋಕೆ ಬಂದೆ.”

 “ಅಯ್ಯೋ, ಬಿಡಿ ಅಮ್ಮಾ... ನನ್ನ ಹೆಂಡ್ತಿ ಇದ್ದಾಗ ಅವಳೂ ನಾನು ಮನೆಗೆ ಬಂದ್ರೆ ಕಿವಿಗೆ ಹತ್ತಿ ಇಟ್ಕೋತಿದ್ಲು...” ಎಂದು ಬೀಗರು ನಗಲು ಹೋದರು. ಅರ್ಧಕ್ಕೇ ಅಳು ಬಂತು. ಆ ಮನುಷ್ಯ ಅಳುವುದೂ ಜೋರು! ಚಹಾದ ಅಂಗಡಿಯಿಂದ ಡ್ರೈವರ್ ಗಾಬರಿಯಾಗಿ ಓಡಿಬಂದ. ಮೇಲಿನಮ್ಮ ತಮ್ಮ ನೀರಿನ ಬಾಟಲಿಯನ್ನು ಬೀಗರ ಕೈಗೆ ಕೊಟ್ಟರು.

ಆ ಭಾನುವಾರ ಮೇಲಿನ ಮನೆಯಲ್ಲಿ ಊಟ. ಬೀಗರು ಮೊದಮೊದಲು ಮೆಲ್ಲಗೇ ಮಾತಾಡಿದರು. ಬರಬರುತ್ತಾ ಬಸ್ಸಿನೊಳಗೆ ಮೇಕೆ ಹತ್ತಿದ ಕಥೆ ಶುರುವಾಗಿ, ದನಿ ತಾನಾಗಿ ಏರಿತು. ಮಾವ ಹೊಟ್ಟೆ ಹಿಡಿದು ನಗುತ್ತಿದ್ದರು. ಆಗಲೇ ಮೇಲಿನಮ್ಮನ ಕೈ ಹಣೆಗೆ ಹೋಯಿತು. ಅಷ್ಟೆ! ನಗು ನಿಂತಿತು, ಚಮಚ ನಿಂತಿತು, ಬೀಗರ ಮುಖ ಕಪ್ಪಿಟ್ಟಿತು.

“ಯಾಕೆ ಎಲ್ಲರೂ ಕಲ್ಲಾದ್ರಿ?” ಎಂದರು ಮೇಲಿನಮ್ಮ. “ನನಗೆ ಯಾರ ಮೇಲೂ ಸಿಟ್ಟಿಲ್ಲ. ತಲೆನೋವು ಬರ್ತಿದೆ, ಅಷ್ಟೆ. ಅಪರೂಪಕ್ಕೆ ಬರುತ್ತೆ ಅಂತ ಡಾಕ್ಟರಮ್ಮ ಹೇಳಿದಾರಲ್ಲ. ನಾನು ಒಳಗೆ ಮಲಗ್ತೀನಿ. ನೀವು ಊಟ ಮಾಡಿ. ಬೀಗರೇ, ಮೇಕೆ ಟಿಕೆಟ್ ತಗೊಳ್ತೋ ಇಲ್ವೋ, ನಾನು ಎದ್ದ ಮೇಲೆ ಹೇಳಿ.”

ಸೊಸೆ ನೋವಿನ ಮಾತ್ರೆ, ನೀರು ಹಿಡಿದು ಹಿಂದೆಯೇ ಹೋದಳು. ಪರದೆ ಎಳೆದಳು, ಬಟ್ಟೆ ಒದ್ದೆ ಮಾಡಿ ಹಣೆಗಿಟ್ಟಳು. ಹೊರಡಲು ತಿರುಗಿದವಳ ಕೈಯನ್ನು ಮೇಲಿನಮ್ಮ ಹಿಡಿದುಕೊಂಡರು. ಈ ಸಲ ಹಿಡಿತ ಮೃದುವಾಗಿತ್ತು.

“ಸ್ವಲ್ಪ ಹೊತ್ತು ಕೂತಿರ್ತೀಯಾ?”

ಸೊಸೆ ಮಂಚದ ಅಂಚಿನಲ್ಲಿ ಕುಳಿತಳು. ಈ ನೋವಿನ ಜೊತೆ ತಾನು ಇಷ್ಟು ದಿನ ಹೋರಾಡಿದೆ, ಗೆದ್ದೆನೆಂದೂ ಅಂದುಕೊಂಡೆ. ಆದರೆ ಒಂದು ದಿನವೂ ಒಂದು ಮಾತು ಕೇಳಲಿಲ್ಲವಲ್ಲ ಎಂದು ಅವಳಿಗೆ ಆಗ ಹೊಳೆಯಿತು.

“ಹೇಗಿರುತ್ತೆ ಅತ್ತೆ, ಈ ನೋವು?”

ಮೇಲಿನಮ್ಮ ಕಣ್ಣು ಮುಚ್ಚಿಕೊಂಡೇ ಹೇಳತೊಡಗಿದರು. “ಮೊದಲು ಬೆಳಕು ಚೂರುಚೂರಾಗಿ ಕಾಣುತ್ತೆ... ಎದುರಿಗಿರೋರ ಅರ್ಧ ಮುಖಾನೇ ಮಾಯ ಆಗುತ್ತೆ. ಆಮೇಲೆ ಈ ಹುಬ್ಬಿನ ಹಿಂದೆ ಯಾರೋ ಬೆರಳಿಟ್ಟು ಒತ್ತಿದ ಹಾಗೆ. ಒತ್ತುತ್ತಾನೇ ಇರ್ತಾರೆ. ಲೋಟ ಇಟ್ಟ ಸದ್ದು, ಚಪ್ಪಲಿ ಸದ್ದು, ಎಲ್ಲಾ ನನ್ನೊಬ್ಬಳನ್ನೇ ಹುಡುಕ್ಕೊಂಡು ಬರುತ್ತೆ. ಆಗ ಅನ್ಸೋದು, ಇವರೆಲ್ಲ ಎಷ್ಟು ಆರಾಮಾಗಿದಾರೆ, ನನಗೊಬ್ಬಳಿಗೇ ಯಾಕೆ ಅಂತ. ಆ ಹೊಟ್ಟೆಕಿಚ್ಚು ಇದೆಯಲ್ಲ, ಅದು ನೋವಿಗಿಂತ ಕೆಟ್ಟದ್ದು ಕಣೇ...”

ಸೊಸೆ ಒಣಗಿದ ಬಟ್ಟೆಯನ್ನು ಮತ್ತೊಮ್ಮೆ ಒದ್ದೆ ಮಾಡಿ ಹಾಕಿದಳು. ಮಾತು ನಿಧಾನವಾಯಿತು, ತೊದಲಿತು, ಒಂದು ವಾಕ್ಯದ ನಡುವೆಯೇ ನಿಂತಿತು. ಆಚೆ ಕೋಣೆಯಲ್ಲಿ ಎಷ್ಟೋ ಹೊತ್ತಿನಿಂದ ಅದುಮಿಟ್ಟುಕೊಂಡಿದ್ದ ನಗು ಫಕ್ಕನೆ ಒಡೆದು ಮನೆಯೆಲ್ಲ ತುಂಬಿತು. ಸೊಸೆ ಬೆಚ್ಚಿ ಅತ್ತೆಯ ಮುಖ ನೋಡಿದಳು. ಹಣೆಯಲ್ಲಿ ಒಂದು ಗೆರೆಯೂ ಮೂಡಲಿಲ್ಲ. ಮೇಲಿನಮ್ಮನಿಗೆ ನಿದ್ದೆ ಹತ್ತಿತ್ತು.